ಒಪ್ಪದ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಬೆಳಗ್ಗೆ ಹತ್ತೂಕಾಲಕ್ಕೆ ಕರೆಂಟು ಹೋಯಿತು.
ಹರಾಜಿನ ಪರದೆ ಕಪ್ಪಾಯಿತು.
ಆರುನೂರು ಜನ ಒಟ್ಟಿಗೇ ಬಾಯಿಬಿಟ್ಟರು.
ಯಾರದೋ ಜಾಲರಿ ಉರುಳಿ
ಹಳದಿ ಗೂಡು ಕಾಲಡಿಗೆ ಬರುವಾಗ
ನಾನು, ತೂಕದ ಗುಮಾಸ್ತೆ ಮುನಿರತ್ನಮ್ಮ,
ಎರಡು ಬೆರಳು ನಾಲಿಗೆಯಡಿ ಇಟ್ಟು
ಒಂದು ಸಿಳ್ಳೆ ಹೊಡೆದೆ.

ಅಪ್ಪ ಕಲಿಸಿದ್ದು, ಜೋಳದ ಹೊಲದಲ್ಲಿ ಗಿಳಿ ಓಡಿಸಲು.

ಅಷ್ಟು ದೊಡ್ಡ ಶೆಡ್ಡು ಗಪ್‌ಚುಪ್,
ಗೂಡಿನೊಳಗೆ ಹುಳ ಹೊರಳಿದರೂ ಕೇಳುವಷ್ಟು.
ರೀಲರ್ ಇಲಿಯಾಸ್ ಸಾಬರು ಮಾತ್ರ
ಶಾಭಾಷ್ ಅಂದರು, ಮೆಲ್ಲಗೆ.

ಶುಕ್ರವಾರ ಮೆಮೋ ಬಂತು. ಇಂಗ್ಲಿಷಿನಲ್ಲಿ.
ನಟ್ಟನಡುವೆ ಒಂದು ಪದ: ಅನ್‌ಬಿಕಮಿಂಗ್.

ವೆಂಕಟರವಣಪ್ಪ ಮೇಷ್ಟ್ರು ಕನ್ನಡಕ ಹಣೆಗೇರಿಸಿ
ಕಾಗದವನ್ನು ಮೂಗಿನ ತನಕ ತಂದುಕೊಂಡರು.
"ಇದು ಬೈಗುಳ ಅಲ್ಲಮ್ಮ,
ಬೈಗುಳಕ್ಕೆ ಇಸ್ತ್ರಿ ಹಾಕಿದ್ದು.
ಕಳ್ಳತನಕ್ಕೆ ಬಳಸೋಲ್ಲ,
ಲಂಚಕ್ಕಂತೂ ಇಲ್ಲವೇ ಇಲ್ಲ.
ಇಟ್ಟಲ್ಲಿ ಇಟ್ಟಹಾಗೆ ಇರದವರಿಗೆ ಇದು.
ಮುಂದೊಂದು 'ಗೆ' ಬೇಕು ಇದಕ್ಕೆ,
ಹುದ್ದೆಗೆ, ವಯಸ್ಸಿಗೆ, ಹೆಣ್ಣಿಗೆ.
ಒಂಟಿಯಾಗಿ ನಿಲ್ಲೋ ಪದ ಅಲ್ಲ.
ಒಪ್ಪದ, ಅಂತ ಬರಕೋ."

ಒಪ್ಪದ.
ಹಸಿರು ಸೀರೆ ನನಗೆ ಒಪ್ಪುತ್ತದೆ ಅಂದಿದ್ದರು.
ಬೆಂಡೋಲೆಯೂ ಒಪ್ಪಿತ್ತು.
ಗಂಡಿನ ಕಡೆಯವರು ಒಪ್ಪಿದರು ಅಂತ
ಅತ್ತೆ ಬಂದು ಸಕ್ಕರೆ ಹಂಚಿದ್ದು ನೆನಪಿದೆ.
ನೀನು ಒಪ್ಪಿದೆಯಾ ಅಂತ
ಯಾರೋ ಕೇಳಿರಬಹುದು. ಗದ್ದಲವಿತ್ತು.

ಮಗ ರಾತ್ರಿ ಪದವನ್ನು ಬಿಡಿಸಿಟ್ಟ:
ಬಿಕಮ್ ಅಂದರೆ ಆಗುವುದು, ಅನ್ ಅಂದರೆ ಇಲ್ಲ.
ನೂಲು ತೆಗೆದು ತೆಗೆದು ಬೆರಳು ಬೆಂದ ಅಮ್ಮ
ಮುದ್ದೆ ಮುರಿಯುತ್ತಲೇ ಅಂದಳು:
"ಹಂಗಾದ್ರೆ ಬಾಂಡ್ಲಿಗೆ ಬಿದ್ದ ಹುಳ ಅನ್ನು.
ರೆಕ್ಕೆನೂ ಆಗ್ಲಿಲ್ಲ, ಎಳೇನೂ ಹರೀಲಿಲ್ಲ."

ಚಿಟ್ಟೆ ಕೊರೆದು ಹೋದ ಗೂಡನ್ನು
ನಾನೇ ಎಷ್ಟು ಸಲ ಪಕ್ಕಕ್ಕೆ ತಳ್ಳಿದ್ದೇನೆ,
ಇದಕ್ಕೆ ದರ ಇಲ್ಲ ಅಂತ.

ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕು.
ಆರಾಯಿತು.
"ಸಿಳ್ಳೆ ಹೊಡೆದದ್ದು ನಿಜ" ಅಂತ ಕನ್ನಡದಲ್ಲಿ ಬರೆದಿದ್ದೇನೆ.
ಕೆಳಗಿನ ಸಾಲು
'ಒಪ್ಪು'ವಿನ ತನಕ ಬಂದು ನಿಂತಿದೆ.
ಮುಂದೆ 'ತ್ತೇನೆ'ಯೋ, 'ವುದಿಲ್ಲ'ವೋ.

ಇವತ್ತು ಮತ್ತೆ ಕರೆಂಟು ಹೋಯಿತು.
ಆರುನೂರು ಜನ
ಬಾಯಿ ಬಿಡುವ ಮೊದಲು
ತಕ್ಕಡಿಯ ಕಡೆ ತಿರುಗಿ ನೋಡಿದರು.