ಗಾಜು ಕೂರಿಸುವವಳ ತಕರಾರು

ಶನಿವಾರ ಸಂಜೆ. ಜೀಲಾಂಗಿನಲ್ಲಿ ಗಾಳಿ, ಕೊಲ್ಲಿಯ ಕಡೆಯಿಂದ.
ಸಾಕ್ಸಿನ ಕಾಲು ಟೀಪಾಯಿಯ ಮೇಲೆ ಚಾಚಿ
ನಾನೂ ಮೇದಿನಿಯೂ ಮೂರನೆಯ ಸೀಸನ್ ಮುಗಿಸುತ್ತಿದ್ದೇವೆ.
ಅವನ ಹೆಸರು ನೈಟ್ ಹೆರಾನ್.
ನಾನು ಇರುಳುಕೊಕ್ಕರೆ ಅನ್ನುತ್ತೇನೆ, ಅವಳಿಗೆ ಸಿಟ್ಟು.

ಮೊದಲ ನಿಮಿಷಕ್ಕೇ ಕೊಕ್ಕರೆ
ನಲವತ್ತನೆಯ ಮಹಡಿಯ ಗಾಜು ಒಡೆದು ಒಳಗೆ ಬರುತ್ತಾನೆ.
ಬಾಲ್ಕನಿಯ ಬಾಗಿಲು ಪಕ್ಕದಲ್ಲೇ ಇದೆ, ತೆರೆದೇ ಇದೆ.
"ಟಫನ್ಡ್ ಗಾಜು ಹಾಗೆ ಚೂಪಾಗಿ ಒಡೆಯೋದಿಲ್ಲ ಕಣೇ,
ಕಲ್ಲುಸಕ್ಕರೆ ಥರ ಉದುರುತ್ತೆ."
"ಅಮ್ಮಾ, ಸುಮ್ನಿರು."

ಹದಿನಾರು ವರ್ಷದಿಂದ ಈ ಊರಿನ ಕಿಟಕಿಗಳಿಗೆ ಗಾಜು ಕೂರಿಸುವವಳು
ಸುಮ್ಮನಿರುವುದು ಹೇಗೆ?
ಕರೆಂಟು ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದಿಟ್ಟಿದ್ದೇನೆ:
ಇನ್ನೂರ ಹನ್ನೊಂದು ಕಿಟಕಿ, ಎರಡು ಸೇತುವೆ,
ಒಂದು ಅಕ್ವೇರಿಯಂ. ಮೀನುಗಳೇನಾದವೋ ಯಾರೂ ಹೇಳಲಿಲ್ಲ.
ಮುಂದಿನ ವಾರ ಊರು ಮತ್ತೆ ಮಿರಿಮಿರಿ.
ಒಬ್ಬನಾದರೂ ಏಣಿ ಹತ್ತಿದ್ದು ಕಂಡಿಲ್ಲ,
ಒಂದು ಬಿಲ್ಲು ಹರಿದಿಲ್ಲ.

ಇರಲಿ. ಗಾಜಿನದ್ದು ನನ್ನ ಹೊಟ್ಟೆಪಾಡಿನ ಸಿಟ್ಟು.
ಟಿಲ್ಡಾಳ ವಿಷಯಕ್ಕೆ ಬರುತ್ತೇನೆ.

ಒಂಬತ್ತನೆಯ ಕಂತಿನಲ್ಲಿ ಆ ಹುಡುಗಿ ಸತ್ತಳು.
ಚೆನ್ನಾಗಿ ಸತ್ತಳು, ಅಂದರೆ ಚೆನ್ನಾಗಿ ಬರೆದಿದ್ದರು:
ಸಂಗೀತ ನಿಲ್ಲಿಸಿ
ಒಂದು ಕೈಗವಸನ್ನು ಮಾತ್ರ ನೀರಿನ ಮೇಲೆ ಬಿಟ್ಟು.
ಮೇದಿನಿ ಆ ರಾತ್ರಿ ಊಟ ಬಿಟ್ಟಳು.
ನಾನು ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಜೋರು ಮಾಡಿದೆ.
ಹನ್ನೊಂದನೆಯ ಕಂತಿಗೆ ಎಲ್ಲಿಂದಲೋ ಗಡಿಯಾರವೊಂದನ್ನು ತಂದರು,
ಮುಳ್ಳು ಹಿಂದಕ್ಕೆ ತಿರುಗಿಸಿದರು,
ಟಿಲ್ಡಾ ಬಂದಳು. ಕೂದಲೂ ಒದ್ದೆಯಿಲ್ಲ.
ಬಂದವಳೇ ಒಂದು ಜೋಕು ಹೇಳಿದಳು.

ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ.
ಇವರು ಅಗೆದ ಮಣ್ಣನ್ನೇ ತಿರುಗಿ ಮುಚ್ಚಿ
ನೋಡಿ, ಬೆಟ್ಟ! ಅಂದರು.
ನಾವು ಅತ್ತಿದ್ದನ್ನು ಯಾವ ಮುಳ್ಳು ಹಿಂದಕ್ಕೆ ತಿರುಗಿಸೀತು?

"ಅವಳು ಬದುಕಿದ್ದು ನಂಗಿಷ್ಟ," ಎಂದಳು ಮಗಳು
ಕುಶನ್ನಿನ ಜಿಪ್ಪು ಎಳೆಯುತ್ತಾ.
ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಖಳನಿಗೂ ಒಂದು ಬಾಲ್ಯ ಕೊಟ್ಟಿದ್ದಾರೆ, ನಾಲ್ಕು ನಿಮಿಷದ್ದು,
ಚಹಾ ಚೆಲ್ಲಿದ ಬಣ್ಣದ್ದು.
ಅಪ್ಪ ಬೆಲ್ಟು ಬಿಚ್ಚುತ್ತಾನೆ, ಹುಡುಗ ಗೋಡೆ ನೋಡುತ್ತಾನೆ,
ಆದ್ದರಿಂದ ಊರು ಸುಡಬೇಕು.
ನನ್ನ ಜೊತೆ ಕೆಲಸ ಮಾಡುವ ಲಾಕ್ಲನ್‌ನ ಬೆನ್ನಿಗೂ ಬೆಲ್ಟಿನ ಗುರುತಿದೆ.
ಅವನು ಇದುವರೆಗೆ ಸುಟ್ಟದ್ದು ಶುಕ್ರವಾರದ ಸಾಸೇಜು ಮಾತ್ರ.
ಅವನನ್ನು ಬರೆಯುವುದು ಕಷ್ಟವೇನೋ.

ಆದರೂ ಏಳನೆಯ ಕಂತಿನಲ್ಲಿ ನಾಲ್ಕು ಸೆಕೆಂಡು ಇದೆ.
ಕಾಳಗ ಮುಗಿದು ಕೊಕ್ಕರೆ ಹಾರಿಹೋದ ಮೇಲೆ
ಪರದೆಯ ಎಡಮೂಲೆಯಲ್ಲಿ ಒಬ್ಬ ಮುದುಕ
ಪೊರಕೆ ಗೋಡೆಗೆ ಒರಗಿಸಿ, ಬಗ್ಗಿ,
ದೊಡ್ಡ ಚೂರೊಂದನ್ನು ಕರವಸ್ತ್ರದಲ್ಲಿ ಹಿಡಿದು ಎತ್ತುತ್ತಾನೆ.
ಅದನ್ನು ಬಿಡಿಸಿದವರು ಎಂದೋ ಕೈ ಕೊಯ್ದುಕೊಂಡಿರಬೇಕು.
ಕೊನೆಯಲ್ಲಿ ಓಡುವ ಹೆಸರುಗಳನ್ನು ನಿಲ್ಲಿಸಿ ನಿಲ್ಲಿಸಿ ಹುಡುಕಿದೆ,
ಯಾರೆಂದು ತಿಳಿಯಲಿಲ್ಲ.
"ಆ ತಾತ ಕತೇಲೇ ಇಲ್ವಲ್ಲ," ಎಂದಳು ಮೇದಿನಿ.

ಸೋಮವಾರ ರೈರಿ ಸ್ಟ್ರೀಟಿನ ಬೇಕರಿಗೆ ಹೊಸ ಗಾಜು.
ಯಾವನೋ ಕುಡಿದು ಸ್ಕೂಟರ್ ಎಸೆದಿದ್ದನಂತೆ.
ಕೂರಿಸಿ, ಅಂಚು ಒತ್ತಿ, ಒರೆಸಿ ಹಿಂದೆ ಸರಿದರೆ
ಗಾಜೇ ಕಾಣುವುದಿಲ್ಲ,
ಏನೂ ಆಗಿಲ್ಲವೆಂಬಂತೆ ಸಾಲಾಗಿ ಬನ್ನುಗಳು.
ಅದಕ್ಕೇ ಅಡ್ಡಡ್ಡ ಬಿಳಿ ಟೇಪು ಅಂಟಿಸುತ್ತೇವೆ,
ಎರಡು ದಿನ, ಬಂದವರು ಮೂಗು ಒಡೆದುಕೊಳ್ಳದಿರಲಿ ಎಂದು.

ಹಲ್ಲಿನಲ್ಲಿ ಟೇಪು ಹರಿಯುವಾಗ ಟಿಲ್ಡಾ ನೆನಪಾದಳು.
ಬದುಕಿಸಿ, ಬೇಡವೆಂದವರು ಯಾರು.
ಒಂದೆರಡು ಕಂತು ಕೂದಲು ಒದ್ದೆಯಿರಲಿ.

ಲಾಕ್ಲನ್ ವ್ಯಾನಿನಿಂದ ಹಾರ್ನ್ ಹೊಡೆದ.
ಮುಂದಿನದು ಶಾಲೆ. ಕ್ರಿಕೆಟ್ ಚೆಂಡು. ಆರು ಗಾಜು.