ಒಂದು ಬೆರಳು ಸೋಡಾ

ಒಂಡಾರೋವ ಬಂದರಿನ ಬದಿಗೆ ನಮ್ಮ ಬಾರು.
ಶನಿವಾರ ಪಡ್ಡೆಹುಡುಗರು ಲೀಟರ್ ಲೋಟದಲ್ಲಿ
ಕೆಂಪು ವೈನಿಗೆ ಕೋಲಾ ಸುರಿದು
ಕಲಿಮೋಚೋ ಎಂದು ಕೈಯಿಂದ ಕೈಗೆ ದಾಟಿಸುವಾಗ
ಅಪ್ಪ ಮುಖ ತಿರುವುತ್ತಿದ್ದ:
‘ದ್ರಾಕ್ಷಿ ಇದಕ್ಕಿಂತ ಬಳ್ಳಿಯಲ್ಲೇ ಒಣಗುವುದು ಲೇಸು.’

ವೈದ್ಯೆ ‘ಲಿವರ್’ ಎಂದಳು. ಅಷ್ಟೇ.
ಉಳಿದದ್ದನ್ನು ಚೀಟಿಯಲ್ಲಿ ಬರೆದುಕೊಟ್ಟಳು.

ಅಂದಿನಿಂದ ನಾನು ಕಳ್ಳಿ.
ಅಡುಗೆಮನೆಯ ಬಾಗಿಲ ಮರೆಯಲ್ಲಿ
ಅವನ ಲೋಟಕ್ಕೆ ಒಂದು ಬೆರಳು ಸೋಡಾ,
ಆಂಚೋವಿ ದೋಣಿಗಳು ಕಡಲಿಗಿಳಿದಾಗ ಎರಡು,
ಸಂತ ಹುವಾನನ ಬೆಂಕಿಯ ರಾತ್ರಿಗೆ ಮೂರು.
ಗುಳ್ಳೆ ಅಡಗುವವರೆಗೆ ಚಮಚದಲ್ಲಿ ತಿರುವಿ ತಿರುವಿ,
ಅಳುವ ಮಗುವನ್ನು ತಟ್ಟಿ ಮಲಗಿಸಿದ ಹಾಗೆ,
ತಂದಿಡುತ್ತಿದ್ದೆ.

ಅಪ್ಪ ಲೋಟವನ್ನು ಬೆಳಕಿಗೆ ಹಿಡಿಯುತ್ತಿದ್ದ.
ಏನೂ ಅನ್ನುತ್ತಿರಲಿಲ್ಲ.
ಒಮ್ಮೆ ಮಾತ್ರ ಕಿವಿಯ ಹತ್ತಿರ ತಂದು,
‘ಈ ವರ್ಷದ ದ್ರಾಕ್ಷಿ ಬಹಳ ಮಾತಾಡ್ತದೆ, ಎದುರ್ನೆ’ ಎಂದ.

ನಿನ್ನೆ ಹುಡುಗರ ನಡುವೆ ಹೋಗಿ ಕೂತ.
ಲೀಟರ್ ಲೋಟ ಸುತ್ತಿ ಬಂತು. ಎರಡೂ ಕೈಯಲ್ಲಿ ಹಿಡಿದ,
ಕುಡಿಯಲಿಲ್ಲ. ಮೂಸಿ, ಪಕ್ಕದವನಿಗೆ ಕೊಟ್ಟ.
ಆಮೇಲೆ ಇಡೀ ಬಾರಿಗೆ ಕೇಳುವಂತೆ ಕೂಗಿದ:
‘ನನ್ನದು ತಾ, ಮಗಳೇ. ಆ ಬಾಗಿಲ ಹಿಂದೆ ಬೇಡ,
ಇಲ್ಲೇ ಬೆರೆಸು.’