ಡಬ್ಬಿ ಲೆಕ್ಕ

ಸಮುದ್ರವಿಲ್ಲದ ಊರಲ್ಲಿ ಕೂತು
ಅಲೆ ಎಣಿಸುವುದು ನನ್ನ ಕೆಲಸ.
ಪಾಷಾಣ್ ರಸ್ತೆಯ ಮೂರನೇ ಮಹಡಿಯಲ್ಲಿ
ಸಂಬಳ ಕೊಟ್ಟು ಕೂರಿಸಿದ್ದಾರೆ:
ಮುಂದಿನದು ಯಾವಾಗ, ಎಷ್ಟೆತ್ತರ, ಹೇಳು.

ಕಾವಲಿನ ಸೋಪಾನರಾವ್ ಗೇಟು ತೆಗೆಯುತ್ತ ಕೇಳುತ್ತಾನೆ,
"ಸಾಹೇಬ್, ಪುಢಚೀ ಲಾಟ್ ಕಧೀ?"
ಅವನ ಮರಾಠಿಯಲ್ಲಿ ಲಾಟ್ ಅಂದರೆ ಅಲೆ;
ಜತ್ತದಲ್ಲಿ ನಮ್ಮಪ್ಪನ ಕಿರಾಣಿಯಲ್ಲಿ
ಲಾಟು ಅಂದರೆ ಸಗಟು ಮಾಲು,
ಬಂದಿಳಿಯುವುದು, ಎಣಿಸಿ ಒಳಗಿಡುವುದು.
ಎರಡೂ ಸರಿಯೇ ಅನ್ನಿಸಿದ ಒಂದು ವರ್ಷವಿತ್ತು.
ಅದರ ಮಾತು ಬೇಡ.

ನೀರಿನ ಲೆಕ್ಕವಾದರೆ ಸುಲಭ.
ಖಡಕ್‌ವಾಸಲಾದ ಬಾಗಿಲು ಎಷ್ಟು ತೆರೆದರೆಂದು ತಿಳಿದರೆ ಸಾಕು,
ಭಿಡೆ ಸೇತುವೆ ಮುಳುಗುವ ಹೊತ್ತನ್ನು
ಚಹಾದಂಗಡಿಯ ಹುಡುಗನೂ ಹೇಳುತ್ತಾನೆ,
ಗಾಡಿಯನ್ನು ಮೊದಲೇ ಮೇಲೆ ಹತ್ತಿಸಿಡುತ್ತಾನೆ.
ಇದಕ್ಕೆ ಅಣೆಕಟ್ಟಿಲ್ಲ, ಭೋಂಗಾ ಇಲ್ಲ.
ಕೆಮ್ಮಿದವನು ಯಾರು, ಪಕ್ಕದಲ್ಲಿ ನಕ್ಕವನು ಯಾರು,
ಒಂದೇ ಬಾಟಲಿಗೆ ಬಾಯಿಟ್ಟವರು ಎಷ್ಟು ಜನ,
ಎಲ್ಲವನ್ನೂ ಒಂದು ಗ್ರೀಕ್ ಅಕ್ಷರದೊಳಗೆ ತುರುಕಿ
ಬೀಟಾ ಅನ್ನುತ್ತೇನೆ. ಸಭೆಯಲ್ಲಿ ತಲೆದೂಗುತ್ತಾರೆ.

ಜೂನಿನಲ್ಲಿ ಬರೆದು ಕೊಟ್ಟಿದ್ದೆ:
ಎರಡು ಡೋಸ್ ಆದವರು ಇಷ್ಟು, ಮೂರನೆಯದು ಇಷ್ಟು,
ಗೆರೆ ಮಲಗಿರುತ್ತದೆ, ಕನಿಷ್ಠ ದೀಪಾವಳಿಯವರೆಗೆ.
ಹಾಲಿನ ಬೂತಿನ ಮೇಲೆ
ತೋಳು ಮಡಚಿ ನಗುವ ಅಜ್ಜಿಯ ಪೋಸ್ಟರು
ಮಳೆಗೆ ಒಂದು ಮೂಲೆ ಬಿಟ್ಟು ಪಟಪಟ ಅನ್ನುತ್ತಿತ್ತು.
ಹನ್ನೆರಡು ತುಂಬದವರು
ನನ್ನ ಕೋಷ್ಟಕದ ಕೊನೆಯ ಸಾಲು.
ಸೂಜಿಯ ಕಾಲಮ್ಮಿನಲ್ಲಿ ಸೊನ್ನೆ,
ಪಕ್ಕದಲ್ಲಿ ಸಣ್ಣಕ್ಷರದ ಟಿಪ್ಪಣಿ: ಪ್ರಭಾವ ಅಲ್ಪ.

ಆ ಅಲ್ಪದೊಳಗಿನ ಒಂಬತ್ತು ವರ್ಷ
ದಿನಾ ನನ್ನ ಸ್ಕೂಟರಿನ ಹಿಂದೆ
ರೇನ್‌ಕೋಟ್ ಹಾಕಿಕೊಂಡು ಕೂರುತ್ತದೆ.

ಸೋಮವಾರ ಕರ್ವೆ ರಸ್ತೆಯ ಸಿಗ್ನಲ್ಲಿನಲ್ಲಿ ಗಂಧಾಲಿ ಅಂದಳು,
"ನಾಳೆ ಓವಿ ಕುಂಜೀರ ಬರಾಂಗಿಲ್ಲ ನೋಡಪ್ಪಾ."
ಬರಲಿಲ್ಲ.
"ನಾಳೆ ಋಗ್ವೇದ. ತಾಂಬೋಳಿ ಅವಳಿಗಳೊಳಗ ಅಲ್ಫಿಯಾ ಮೊದಲು,
ಅವಳ ತಮ್ಮ ಆಮ್ಯಾಲೆ."
ಬರಲಿಲ್ಲ. ಬರಲಿಲ್ಲ. ಬರಲಿಲ್ಲ.
ನಾಲ್ಕಕ್ಕೆ ನಾಲ್ಕು;
ನನ್ನ ಜನ್ಮದಲ್ಲಿ ಬಂದಿಲ್ಲ ಇಂಥ ಫಲಿತಾಂಶ.
ಒದ್ದೆ ಸಾಕ್ಸು ಹಿಂಡುತ್ತ ಕೇಳಿದೆ, ನಿನಗೆ ಹೇಗೆ ಗೊತ್ತಾಯಿತು?
ಬೆಪ್ಪನನ್ನು ನೋಡುವಂತೆ ನೋಡಿದಳು.
"ಓವಿ ತನ್ನ ಗುಳಂಬಾ ನನಗೇ ಕೊಟ್ಟಳು, ಪೂರಾ.
ಋಗ್ವೇದ ಕಿಟಕಿ ಜಾಗಾ ಬಿಟ್ಟುಕೊಟ್ಟ, ಕೇಳದೇನೇ.
ಅಲ್ಫಿಯಾ ಹೊಡೆದರೂ ತಿರುಗಿ ಹೊಡೀಲಿಲ್ಲ.
ಅವಳ ಡಬ್ಬಿ ಅವಳ ತಮ್ಮಾ ತಿಂದ."

ಆ ರಾತ್ರಿ ಒಂದು ಹಾಳೆಯಲ್ಲಿ ಬರೆದುಕೊಂಡೆ:
ಗುಳಂಬಾ, ಕಿಟಕಿ, ತಿರುಗಿ ಬಾರದ ಏಟು.
ಯಾವ ಅಕ್ಷರ ಕೊಡಲಿ ಇವಕ್ಕೆ?
ಶಾಲೆಯ ಸಂದೇಶ ಇನ್ನೂ ಹೇಳುತ್ತಿತ್ತು,
ಹವೆ ಬದಲಾದ ನೆಗಡಿ, ಪಾಲಕರು ಗಾಬರಿಯಾಗಬಾರದು.
ನನ್ನ ಗೆರೆ ಇನ್ನೂ ಮಲಗಿತ್ತು,
ಆಸ್ಪತ್ರೆಯ ಅಂಕಿ ಬಂದು ಅದನ್ನೆಬ್ಬಿಸಲು
ಇನ್ನೂ ಹನ್ನೊಂದು ದಿನವಿತ್ತು.

ಶುಕ್ರವಾರ ಅವಳು ಯಾರ ಹೆಸರೂ ಹೇಳಲಿಲ್ಲ.
ಮಳೆ ಇರಲಿಲ್ಲ, ರೇನ್‌ಕೋಟ್ ತೆಗೆಯಲಿಲ್ಲ.
ನಳಸ್ಟಾಪಿನ ಗುಂಡಿಗೆ ಗಾಡಿ ಹಾರಿದಾಗ
ನನ್ನನ್ನು ಬೈಯಲಿಲ್ಲ.
ಮನೆಗೆ ಬಂದು ಡಬ್ಬಿ ತೆಗೆದೆ:
ಬೆಳಿಗ್ಗೆ ಅವಳವ್ವ ತುಪ್ಪ ಸವರಿ ಸುತ್ತಿಟ್ಟ ಚಪಾತಿ
ಸುತ್ತಿಟ್ಟ ಹಾಗೇ.
ಒಂದು ತುದಿಗೆ ಮಾತ್ರ ಹಲ್ಲಿನ ಗುರುತು.

ಅವಳ ಹಣೆಯ ಮೇಲೆ ಕೈಯಿಡಲು
ನನಗೆ ಪುರಾವೆ ಬೇಕಾಗಿತ್ತು.

ಅಷ್ಟರಲ್ಲಿ ಕಚೇರಿಯ ಫೋನು.
ಸೋಮವಾರದ ವರದಿಗೆ ಮುಂದಿನ ಅಲೆಯ ತಾರೀಖು ಬೇಕಿತ್ತಂತೆ,
ಅಂದಾಜಾದರೂ ನಡೆಯುತ್ತದಂತೆ.
ಡಬ್ಬಿಯ ಮುಚ್ಚಳ ಕೈಯಲ್ಲೇ ಇತ್ತು.
ಬಂದಿದೆ, ಅಂದೆ.
ಯಾವಾಗ? ಅಂದರು.
ಒಳಗಿನಿಂದ ಅವಳು ನೀರು ಕೇಳಿದಳು.